ಗುಲಗಂಜಿ ಮರಿ

ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಒಂದು ತೂಕ. ಬೇಲಿಯ ಬಳ್ಳಿಯಲ್ಲಿ ಬಿಡುವ ಆ ಕೆಂಪು ಬೀಜ ಹೆಚ್ಚುಕಡಿಮೆ 0.12 ಗ್ರಾಂ ತೂಗುತ್ತದೆ. ‘ಎರಡು ಗುಂಜಿ ಬಂಗಾರ’ ಎಂಬ ಲೆಕ್ಕ ಅದರಿಂದಲೇ ಬಂದದ್ದು. ‘ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ’ ಎಂದು ಈಗಲೂ ಆಡುತ್ತೇವೆ. ಇದೇ ಮಾತು ಹೊಲದಲ್ಲಿ ಒಂದು ಹುಳುವಿಗೂ ಹೆಸರಾಗಿದೆ. ಕೆಂಪು ಮೈ, ಕರಿ ಚುಕ್ಕೆ, ಗುಂಡನೆಯ ಬೆನ್ನು. ಗುಲಗಂಜಿ ಹುಳು ಎಂದರೆ ಕಣ್ಣಿಗೆ ಕಟ್ಟುತ್ತದೆ. ಲೇಡಿಬರ್ಡ್ ಎನ್ನುವುದಕ್ಕಿಂತ ನನಗೆ ಇದೇ ಇಷ್ಟ.

ಆ ಬೆನ್ನು ನಿಜಕ್ಕೂ ರೆಕ್ಕೆ. ಮುಂದಿನ ಜೋಡಿ ರೆಕ್ಕೆ ಗಟ್ಟಿಯಾಗಿ ಮುಚ್ಚಳವಾಗಿದೆ. ಹಾರುವ ತೆಳು ರೆಕ್ಕೆಗಳು ಅದರಡಿ ಮಡಚಿಕೊಂಡಿರುತ್ತವೆ. ನಾವು ತಲೆ ಎಂದುಕೊಳ್ಳುವ ಭಾಗ ಎದೆಯ ಕವಚ. ತಲೆ ಅದರ ಮುಂದೆ ಪುಟ್ಟದಾಗಿ, ಗಿಡ್ಡ ಮೀಸೆಗಳೊಡನೆ ಇಣುಕುತ್ತದೆ. ಹಿಡಿದು ಒತ್ತಿದರೆ ಕಾಲಿನ ಕೀಲುಗಳಿಂದ ಕಹಿಯಾದ ಹಳದಿ ರಸ ಒಸರುತ್ತದೆ. ಚುಕ್ಕೆ ಎಣಿಸಿ ವಯಸ್ಸು ಹೇಳುವ ಮಾತು ಮಾತ್ರ ಸುಳ್ಳು, ಚುಕ್ಕೆ ಹೆಚ್ಚುವುದಿಲ್ಲ.

ಆದರೆ ಈ ಹೆಸರು ಹುಳುವಿನ ಬಾಳಿನ ಕೊನೆಯ ಹಂತಕ್ಕೆ ಮಾತ್ರ ಒಪ್ಪುತ್ತದೆ. ಅಲಸಂದೆ ಎಲೆಯ ಅಡಿ, ಹೇನು ಮುತ್ತಿದ ಕಡೆ, ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿರುತ್ತವೆ. ಒಡೆದು ಬರುವ ಮರಿಯಲ್ಲಿ ಗುಲಗಂಜಿಯ ಲಕ್ಷಣ ಒಂದೂ ಇಲ್ಲ. ಉದ್ದನೆಯ ಕಪ್ಪು ಮೈ, ಬೆನ್ನ ಮೇಲೆ ಮುಳ್ಳುಗಂಟು, ಅಲ್ಲಲ್ಲಿ ಹಳದಿ ಪಟ್ಟೆ. ಎಲೆಯ ಮೇಲೆ ಓಡುವ ಪುಟ್ಟ ಮೊಸಳೆಯಂತೆ ಕಾಣುತ್ತದೆ. ಹೇನು ತಿನ್ನುತ್ತ ಮೂರು ಸಲ ಪೊರೆ ಕಳಚಿ ಬೆಳೆಯುತ್ತದೆ, ಆಮೇಲೆ ಬಾಲದ ತುದಿಯನ್ನು ಎಲೆಗೆ ಅಂಟಿಸಿಕೊಂಡು ಕೋಶವಾಗುತ್ತದೆ. ಕೋಶದಿಂದ ಹೊರಬಿದ್ದ ಹುಳು ಮೊದಲು ಚುಕ್ಕೆಯಿಲ್ಲದ ಮೆತ್ತನೆಯ ಹಳದಿ. ಬಣ್ಣ ಏರಿ, ಚುಕ್ಕೆ ಮೂಡಿ ಅದು ಗುಲಗಂಜಿಯಾಗಲು ಕೆಲವು ಗಂಟೆ ಬೇಕು.

ಪುಸ್ತಕಗಳು ಈ ಮರಿಯನ್ನು ಬರೀ ‘ಮರಿಹುಳು’ ಎನ್ನುತ್ತವೆ. ಹೊಲದಲ್ಲಿ ‘ಹುಳ ಬಿದ್ದಿದೆ’ ಎಂದರೆ ಔಷಧಿ ಹೊಡೆಯಬೇಕು ಎಂದೇ ಅರ್ಥ. ಹೀಗೆ ಹೇನು ತಿಂದು ಬೆಳೆ ಕಾಯುವ ಮರಿಯೇ ಹೇನಿನ ಜೊತೆ ಸಾಯುತ್ತದೆ. 1898ರಲ್ಲಿ ಕಾಫಿಯ ಹಸಿರು ಶಲ್ಕಕೀಟಕ್ಕೆಂದು ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಕ್ರಿಪ್ಟೋಲೇಮಸ್ ಎಂಬ ಜೀರುಂಡೆಯೂ ಇದೇ ಕುಲದ್ದು. ಇಂದು ಅದು ದ್ರಾಕ್ಷಿ, ಕಾಫಿ ತೋಟಗಳಲ್ಲಿ ಹಿಟ್ಟು ತಿಗಣೆ ತಿನ್ನುತ್ತದೆ. ಅದರ ಮರಿಯ ಮೈತುಂಬ ಬಿಳಿ ಮೇಣದ ಎಳೆ. ನೋಡಲು ಹಿಟ್ಟು ತಿಗಣೆಯೇ! ಅದನ್ನು ಗುರುತಿಸುವುದು ಇನ್ನೂ ಕಷ್ಟ.

ಈ ಕುಲದಲ್ಲಿ ಬೆಳೆಗೇಡಿಗಳೂ ಇವೆ. ಬದನೆ ಎಲೆಯ ಹಸಿರು ಕೆರೆದು ಬಲೆಯಂತೆ ಮಾಡುವ ಎಪಿಲಾಕ್ನಾ ಅಂಥದ್ದು; ಅದರ ಬಣ್ಣ ಮಂಕು, ಮೈಮೇಲೆ ನವಿರಾದ ರೋಮ.

ಕೃಷಿ ಪುಟ ಸಿದ್ಧಪಡಿಸುವವರಲ್ಲಿ ನನ್ನದೊಂದು ಕೋರಿಕೆ. ಗುಲಗಂಜಿ ಹುಳುವಿನ ಚಿತ್ರ ಹಾಕುವಾಗ ಪಕ್ಕದಲ್ಲೇ ಮರಿಯ ಚಿತ್ರವನ್ನೂ ಹಾಕಿ, ಕೆಳಗೆ ‘ಗುಲಗಂಜಿ ಮರಿ’ ಎಂದು ಬರೆಯಿರಿ.