ಬೊಂಬೆಯ ಮುಂದೆ ಕೂತು ಎಣಿಸಿದ್ದು

2023ರ ಏಪ್ರಿಲ್ 2ರ ಬೆಳಿಗ್ಗೆ ನಮ್ಮ ಚಳ್ಳಕೆರೆ ಸೀಮೆಯಲ್ಲಿ ಇಸ್ರೋದವರು ರೆಕ್ಕೆಯಿರುವ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. ಬಾಹ್ಯಾಕಾಶಕ್ಕೆ ಹೋಗದೆಯೇ ಅಲ್ಲಿಂದ ಮರಳಿ ಬರುವ ಅಭ್ಯಾಸ ಅದು. 2024ರಲ್ಲಿ ಇನ್ನೆರಡು ಸಲ ಬಿಟ್ಟಾಗ ಬೇಕಂತಲೇ ಪಕ್ಕಕ್ಕೆ ಸರಿಸಿ ಬಿಟ್ಟರು: ಒಮ್ಮೆ 150 ಮೀಟರ್, ಇನ್ನೊಮ್ಮೆ 500 ಮೀಟರ್. ತೊಂದರೆಯನ್ನು ತಾವೇ ಒಡ್ಡಿ, ಏನಾಗುತ್ತೆ ಅಂತ ಅಳೆದು ನೋಡಿದರು.

ಬಿಎಸ್ಸಿ ನರ್ಸಿಂಗ್ ಓದುತ್ತಿರುವ ಚಿಕ್ಕಪ್ಪನ ಮಗಳಿಗೆ ಇದನ್ನು ಹೇಳಿದೆ. 'ನಮ್ ಲ್ಯಾಬಲ್ಲೂ ಬೊಂಬೆ ಐತಣ್ಣ. ಇಂಜೆಕ್ಷನ್ ಕೊಡೋದು ಕಲೀತೀವಿ, ಅಷ್ಟೆ. ಅಳೆಯೋದೇನೂ ಇಲ್ಲ' ಅಂದಳು.

ಆ ಬೊಂಬೆಯ ಚರಿತ್ರೆ ಶತಮಾನ ದಾಟಿದೆ. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಆಳೆತ್ತರದ ಬೊಂಬೆ ಬಂತು. ಮಾಡಿಕೊಟ್ಟವರು ಮಕ್ಕಳಿಗೆ ಬೊಂಬೆ ಮಾಡುತ್ತಿದ್ದ ಮಾರ್ಥಾ ಚೇಸ್. ಬೊಂಬೆಗೂ 'ಮಿಸೆಸ್ ಚೇಸ್' ಅಂತಲೇ ಹೆಸರಾಯಿತು. 1960ರಲ್ಲಿ ನಾರ್ವೆಯ ಲೇರ್ಡಾಲ್, ಬಾಯಿಂದ ಉಸಿರು ಕೊಡುವುದನ್ನು ಕಲಿಸಲು ಇನ್ನೊಂದನ್ನು ತಂದರು. ಎರಡೂ ನರ್ಸುಗಳ ಕೈ ಪಳಗಿಸಿದವು.

ಆದರೆ ನರ್ಸಿಂಗಿಗೆ ಎಣಿಕೆಯ ಚರಿತ್ರೆಯೂ ಇದೆ, ಅದು ಬೊಂಬೆಗಿಂತ ಹಳೆಯದು. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಬಿಡಿಸಿದ ನಕ್ಷೆಯಲ್ಲಿ, ಕ್ರಿಮಿಯಾ ಯುದ್ಧದ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗಕ್ಕೆ ಸತ್ತದ್ದು ಎದ್ದು ಕಾಣುತ್ತಿತ್ತು. ಭಾರತಕ್ಕೆ ಒಮ್ಮೆಯೂ ಬರದ ಆಕೆ, ಇಲ್ಲಿನ ಸೇನಾ ಠಾಣೆಗಳಿಗೆ ಅಚ್ಚು ಹಾಕಿಸಿದ ಪ್ರಶ್ನಾವಳಿ ಕಳಿಸಿ ನೀರು, ಚರಂಡಿ, ಸಾವುಗಳ ಲೆಕ್ಕ ತರಿಸಿಕೊಂಡರು.

ಇವತ್ತಿನ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಎರಡೂ ಇವೆ: ಸಿಮ್ಯುಲೇಷನ್ ಲ್ಯಾಬ್ ಒಂದು ಕಡೆ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಇನ್ನೊಂದು ಕಡೆ. ಎರಡೂ ಭೇಟಿಯಾಗದಿದ್ದರೆ ಏನಾಗುತ್ತೆ ಅಂತ ತಂಗಿಯೇ ಹೇಳಿದಳು. ಪ್ರಾಜೆಕ್ಟ್ ಬಂದಾಗ ಸೀನಿಯರ್‌ಗಳ ಸಲಹೆ, 'ಹಾಸ್ಟೆಲ್ಲಲ್ಲೇ ಕೂತು ಫಾರಂ ತುಂಬಿ.' ಹೀಗೆ ಸುಳ್ಳು ಅಂಕಿ ಬರೆದು ಪಾಸಾದ ಕೈಯೇ ನಾಳೆ ವಾರ್ಡಿನಲ್ಲಿ ನಮ್ಮಪ್ಪನ ಬಿಪಿ ಚಾರ್ಟ್ ಬರೆಯೋದು, ಅಲ್ವಾ?

ನಮ್ಮ ಕಸುಬಿನಲ್ಲಿ ಟೆಸ್ಟ್ ಸರ್ವರ್ ಇರೋದೇ ಅಲ್ಲಿ ತಪ್ಪು ಮಾಡಲಿಕ್ಕೆ. 'ಬೊಂಬೆ ಮುಂದೆನೇ ಎಣಿಸಿ ನೋಡ್ರವ್ವ' ಅಂದೆ. ಗೆಳತಿಯರನ್ನು ಒಪ್ಪಿಸಿ, 20 ಜನರಲ್ಲಿ ಬೊಂಬೆ ಮುಟ್ಟುವ ಮುಂಚೆ ಕೈ ತೊಳೆದವರೆಷ್ಟು ಅಂತ ಇಬ್ಬರು ಬೇರೆ ಬೇರೆ ಕೂತು ಎಣಿಸಿದರಂತೆ. ಒಬ್ಬಳ ಲೆಕ್ಕ 14, ಇನ್ನೊಬ್ಬಳದು 9.

ರಾತ್ರಿ ಫೋನ್ ಬಂತು. 'ಅಣ್ಣ, ಬರೀ ನೀರು ಮುಟ್ಟಿಸಿದ್ರೆ ತೊಳೆದಂಗಾ? ಮೊದ್ಲು ಅದನ್ನ ಬರ್ಕೋಬೇಕಿತ್ತು ನಾವು.'

ನಾಳೆ ಮತ್ತೆ ಎಣಿಸ್ತಾರಂತೆ.