ರಾತ್ರಿ ಹೊತ್ತು ಡಾಕ್ಟರು ಎಲ್ಲಿರುತ್ತಾರೆ?

ತಂಗಿಗೆ ಮೂರು ತಿಂಗಳು ತುಂಬಿದಾಗ ಬಂಗಾರಪೇಟೆಯ ನಮ್ಮ ಮನೆಯಲ್ಲಿ ಯಾವ ಡಾಕ್ಟರಿಗೆ ತೋರಿಸುವುದು ಎಂಬ ಚರ್ಚೆ ಶುರುವಾಯಿತು. ಅವಳು ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವಳು. ಆಫೀಸಿನ ಗೆಳತಿಯರು ಅಲ್ಲಿನ ಮೂರು ಆಸ್ಪತ್ರೆಗಳ ಹೆಸರು ಕೊಟ್ಟಿದ್ದರು. ಅವಳ ಅತ್ತೆ ರಾಬರ್ಟ್‌ಸನ್‌ಪೇಟೆಯ ಹಿರಿಯ ಡಾಕ್ಟರಮ್ಮ ಒಬ್ಬರನ್ನು ಹೇಳಿದರು. ಅಮ್ಮ ಕೋಲಾರವೇ ಸರಿ ಎಂದಳು. ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಕೇಳಿದಳು: “ರಾತ್ರಿ ಹೊತ್ತು ಆ ಡಾಕ್ಟ್ರು ಎಲ್ಲಿರ್ತಾರೆ?”

ನಾವೆಲ್ಲ ನಕ್ಕೆವು. ಅಜ್ಜಿ ನಗಲಿಲ್ಲ. ಅವಳ ಪ್ರಶ್ನೆಗೆ ಸುಮಾರು ನೂರು ವರ್ಷದ ಹಿನ್ನೆಲೆ ಇದೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಅಜ್ಜ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವನು. ಜಾನ್ ಟೇಲರ್ ಆಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಇಲ್ಲಿ ಚಿನ್ನ ತೆಗೆಯಲು ನಿಂತ ಮೇಲೆ ಬಯಲಿನಲ್ಲಿ ಒಂದು ಊರೇ ಎದ್ದಿತು. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗಿಂತ ಮೊದಲೇ ಬಂತು ಎಂದು ನಮ್ಮ ಕಡೆಯವರು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಬೇತಮಂಗಲದ ಕೆರೆಯಿಂದ ನೀರು ಬಂತು. ಕಂಪನಿಯ ಆಸ್ಪತ್ರೆಯೂ ಬಂತು. ಬಂಡೆ ಸಿಡಿದು ಕೈಕಾಲು ಮುರಿದುಕೊಂಡವರಿಗೆ, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾದವರಿಗೆ ಅದು ಬೇಕೇ ಬೇಕಿತ್ತು. ಗಂಡಸರ ಮೈಯನ್ನು ರಿಪೇರಿ ಮಾಡಿ ಮತ್ತೆ ಕೆಳಗಿಳಿಸುವುದು ಕಂಪನಿಗೆ ಲಾಭದ ಲೆಕ್ಕ. ಅದೇ ಕಟ್ಟಡದಲ್ಲಿ ಅವರ ಹೆಂಡಿರ ಹೆರಿಗೆಯೂ ಆಗುತ್ತಿತ್ತು.

ಅಲ್ಲಿ ಡಾಕ್ಟರನ್ನು ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಅಜ್ಜನ ನಂಬರು ಹೇಳಿದರೆ ಒಳಗೆ ಸೇರಿಸಿಕೊಳ್ಳುತ್ತಿದ್ದರು, ಡ್ಯೂಟಿಯಲ್ಲಿದ್ದವರು ನೋಡುತ್ತಿದ್ದರು. ಆದರೆ ಡಾಕ್ಟರುಗಳ ಬಂಗಲೆ ಹತ್ತಿರದಲ್ಲೇ ಇತ್ತು. ನಡುರಾತ್ರಿ ಕರೆ ಹೋದರೆ ಡಾಕ್ಟರು ಬರುತ್ತಾರೆ ಎಂಬುದು ಅಜ್ಜಿಗೆ ನೀರು, ಕರೆಂಟು ಇದ್ದ ಹಾಗೆ. ಕಂಪನಿಯ ಊರಿನ ಬಗ್ಗೆ ಬರೆಯುವವರು ‘ಪುಟ್ಟ ಇಂಗ್ಲೆಂಡ್’ ಎಂದು ಕ್ಲಬ್ಬು, ಬಂಗಲೆಗಳನ್ನೇ ವರ್ಣಿಸುತ್ತಾರೆ. ಒಂದೇ ಕೋಣೆಯ ಕೂಲಿ ಲೈನುಗಳಲ್ಲಿದ್ದ ಹೆಂಗಸರಿಗೆ ಆ ಇಂಗ್ಲೆಂಡಿನಿಂದ ದಕ್ಕಿದ್ದು ಬಹುಶಃ ಇದೊಂದೇ.

ಅದೂ ಎಲ್ಲ ಹೆರಿಗೆಗೂ ಅಲ್ಲ. ಚೊಚ್ಚಲು ಹೆರಿಗೆ ತವರಿನದು. ಗಣಿಗೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯ ತಮಿಳರು, ತೆಲುಗರು. ಅವರ ಹೆಣ್ಣುಮಕ್ಕಳು ಏಳನೇ ತಿಂಗಳಿಗೆ ರೈಲು ಹತ್ತಿ ಊರಿಗೆ ಹೋಗುತ್ತಿದ್ದರು. ನಮ್ಮಜ್ಜಿ ಕಾಮಸಮುದ್ರದ ಕಡೆಯ ಹಳ್ಳಿಗೆ ಹೋದಳು. ಅಲ್ಲಿ ಕಾಯುತ್ತಿದ್ದವಳು ಕನ್ನಡಕ್ಕೆ ಸೂಲಗಿತ್ತಿ, ತೆಲುಗಿಗೆ ಮಂತ್ರಸಾನಿ, ತಮಿಳಿಗೆ ಮರುತ್ತುವಚ್ಚಿ. ಅವಳ ಕೈ ಒಳ್ಳೆಯದಾಗಿದ್ದರೆ ಎಷ್ಟು ಒಳ್ಳೆಯದು ಎಂಬುದಕ್ಕೆ ಪಾವಗಡದ ಸೂಲಗಿತ್ತಿ ನರಸಮ್ಮ ಸಾಕ್ಷಿ. ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆದರೆ ರಕ್ತ ನಿಲ್ಲದಿದ್ದರೆ ಒಳ್ಳೆಯ ಕೈಯೂ ಸೋಲುತ್ತದೆ. ಅಜ್ಜಿ ಚೊಚ್ಚಲು ಮಗುವಿನ ಬಗ್ಗೆ ಮಾತಾಡುವುದಿಲ್ಲ. ಎರಡನೆಯದಕ್ಕೆ ತವರಿಗೆ ಹೋಗಲಿಲ್ಲ ಎಂದಷ್ಟೇ ಹೇಳುತ್ತಾಳೆ.

ಗಣಿಗೆ ಜನರನ್ನು ಕಳಿಸಿದ ಅದೇ ಉತ್ತರ ಆರ್ಕಾಟಿನ ವೆಲ್ಲೂರಿನಲ್ಲಿ ಈ ವಿಷಯದ ದೊಡ್ಡ ಕಥೆಯೊಂದಿದೆ. ಮಿಷನರಿ ಡಾಕ್ಟರರ ಮಗಳು ಐಡಾ ಸ್ಕಡರ್ 1890ರ ದಶಕದಲ್ಲಿ ತಂದೆಯ ಜೊತೆ ತಿಂಡಿವನಂನಲ್ಲಿದ್ದಾಗ ಒಂದೇ ರಾತ್ರಿ ಮೂವರು ಗಂಡಸರು ಬಂದರಂತೆ: ಒಬ್ಬ ಬ್ರಾಹ್ಮಣ, ಒಬ್ಬ ಮುಸ್ಲಿಂ, ಇನ್ನೊಬ್ಬ ಮೇಲುಜಾತಿಯ ಹಿಂದೂ. ಮೂವರ ಹೆಂಡಿರೂ ಹೆರಿಗೆ ನೋವಿನಲ್ಲಿದ್ದರು. ಐಡಾ ಡಾಕ್ಟರಲ್ಲ, ಅವರ ತಂದೆ ಡಾಕ್ಟರು. ಗಂಡಸು ಡಾಕ್ಟರು ಬೇಡ ಎಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ 1900ರಲ್ಲಿ ಮರಳಿದರು, 1902ರಲ್ಲಿ ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆ ತೆರೆದರು, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆಯನ್ನೇ ಕಟ್ಟಿದರು. ಇಂದಿನ ಸಿಎಂಸಿ ಅದು.

ಈ ಕಥೆಯನ್ನು ಐಡಾ ಅವರಿಗೆ ಬಂದ ಕರೆ ಎಂದೇ ಎಲ್ಲರೂ ಹೇಳುತ್ತಾರೆ. ನನಗೆ ಕಾಡುವುದು ಬೇರೆ. ಅಲ್ಲಿ ಡಾಕ್ಟರನ್ನು ಆರಿಸಿದವರು, ಬೇಡ ಎಂದವರು ಗಂಡಂದಿರು. ನೋವಿನಲ್ಲಿದ್ದವರನ್ನು ಯಾರೂ ಕೇಳಿದಂತಿಲ್ಲ. ಕಥೆಯಲ್ಲಿ ಅವರಿಗೆ ಹೆಸರೂ ಇಲ್ಲ. 1885ರಲ್ಲಿ ಲೇಡಿ ಡಫರಿನ್ ನಿಧಿ ಶುರುವಾದದ್ದೂ ಹೆಂಗಸರಿಗೆ ಹೆಂಗಸು ಡಾಕ್ಟರು ಬೇಕೆಂಬ ಕಾರಣಕ್ಕೇ. ಕೋಲಾರದಲ್ಲಿ ಅಮೆರಿಕದ ಮೆಥಡಿಸ್ಟರು ಎಲನ್ ಥೋಬರ್ನ್ ಕೋವೆನ್ ಹೆಸರಿನ ಆಸ್ಪತ್ರೆ ತೆರೆದರು. ನಮ್ಮ ಸೀಮೆಯಲ್ಲಿ ಇಟಿಸಿಎಂ ಎಂದರೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ವಾಣಿವಿಲಾಸ 1935ರದು. ಅಂದರೆ ರೈಲಿನ ಹಾದಿಯಲ್ಲಿ ಪೂರ್ವಕ್ಕೆ ವೆಲ್ಲೂರು, ಪಶ್ಚಿಮಕ್ಕೆ ಬೆಂಗಳೂರು. ನಡುವಿನ ನಮ್ಮೂರಿನವರು ಕಷ್ಟ ಬಂದಾಗ ಯಾವ ಕಡೆಯ ಗಾಡಿ ಮೊದಲು ಬರುತ್ತದೆ ಎಂದು ನೋಡಿ ಹತ್ತಿದವರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋಯಿತು, ಆಸ್ಪತ್ರೆಯೂ ಹೋಯಿತು. ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗೆ ಬಂದದ್ದು ಹೀಗೆ. ಮರುವರ್ಷ ಚಿಕ್ಕಮ್ಮನ ಹೆರಿಗೆ. ಒಳ್ಳೆಯ ಹೆಸರಿನ, ನಗುಮುಖದ ಡಾಕ್ಟರನ್ನು ಹುಡುಕಿ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಮಗು ಸಂಜೆ ಆರೋಗ್ಯವಾಗಿ ಹುಟ್ಟಿತು. ರಾತ್ರಿ ಹತ್ತರ ಮೇಲೆ ರಕ್ತ ಹೋಗಲು ಶುರುವಾಯಿತು. ಡಾಕ್ಟರು ತಮ್ಮ ಊರಿಗೆ ಹೊರಟುಹೋಗಿದ್ದರು, ರಕ್ತ ಅಲ್ಲಿರಲಿಲ್ಲ. ಬಾಡಿಗೆ ವ್ಯಾನಿನಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಓಡಿದರು. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬರಲು ಇನ್ನೂ ಆರು ವರ್ಷವಿತ್ತು. ಚಿಕ್ಕಮ್ಮ ಬದುಕಿದಳು. ಗರ್ಭಕೋಶ ತೆಗೆದರು.

ಹೆರಿಗೆಯಾದ ಮೇಲಿನ ರಕ್ತಸ್ರಾವಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ವ್ಯವಧಾನವಿರುವುದಿಲ್ಲ. ಮೊದಲೇ ರಕ್ತಹೀನತೆಯಿದ್ದರೆ ಅಷ್ಟೂ ಇಲ್ಲ. ಇದು ತಿಳಿದಿದ್ದರೆ ಅಜ್ಜಿಯ ಪ್ರಶ್ನೆಗೆ ನಾವು ನಗುತ್ತಿರಲಿಲ್ಲ.

ತಂಗಿ ಕೊನೆಗೆ ಅಜ್ಜಿಯ ಪ್ರಶ್ನೆಯನ್ನೇ ಉದ್ದ ಮಾಡಿ ಒಂದು ಚೀಟಿಯಲ್ಲಿ ಬರೆದುಕೊಂಡಳು. ರಾತ್ರಿ ಡಾಕ್ಟರು ಒಳಗೇ ಇರುತ್ತಾರೋ? ಅರಿವಳಿಕೆ ಕೊಡುವವರು? ರಕ್ತ ಅಲ್ಲೇ ಸಿಗುತ್ತದೋ? ಮಗು ಅಳದಿದ್ದರೆ ನೋಡುವವರು ಯಾರು? ಚೀಟಿ ಹಿಡಿದು ನಾಲ್ಕು ಕಡೆ ಹೋದಳು. ಒಂದು ಕಡೆ ರಿಸೆಪ್ಷನ್ನಿನವರು ಅವಳ ಮುಖ ಬಿಟ್ಟು ಗಂಡನ ಮುಖ ನೋಡಿ ಉತ್ತರಿಸಿದರು; ಆ ಹೆಸರನ್ನು ಅವಳೇ ಹೊಡೆದುಹಾಕಿದಳು. ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ತಜ್ಞರ ಉಚಿತ ತಪಾಸಣೆ ನಡೆಯುತ್ತದೆ, 2016ರಿಂದ ಇದೆ. ತಾಯಿ ಕಾರ್ಡು ಹಿಡಿದು ಅಲ್ಲಿಗೂ ಹೋದಳು. ಬೆಂಗಳೂರಿನ ಹೆಸರುಗಳೆಲ್ಲ ರೈಲಿನ ವೇಳಾಪಟ್ಟಿ ನೋಡಿದಾಗ ಬಿದ್ದುಹೋದವು. ಉಳಿದದ್ದು ಕೋಲಾರದ ಒಂದು ದೊಡ್ಡ ಆಸ್ಪತ್ರೆ. ಅತ್ತೆಗೆ ಸ್ವಲ್ಪ ಮುನಿಸಾಯಿತು.

ಆ ನಡುವೆ ಅಜ್ಜಿಯನ್ನು ಚಾಂಪಿಯನ್ ರೀಫ್ಸಿಗೆ ಒಮ್ಮೆ ಕರೆದುಕೊಂಡು ಹೋಗಿದ್ದೆ. 2021ರ ಕೋವಿಡ್ ಕಾಲದಲ್ಲಿ ಆ ಹಳೆಯ ಆಸ್ಪತ್ರೆಯನ್ನು ಸ್ವಯಂಸೇವಕರು ಗುಡಿಸಿ ತೊಳೆದು ಮತ್ತೆ ಹಾಸಿಗೆ ಹಾಕಿದ್ದರು ಎಂದು ಹೇಳಿದೆ. ಅಜ್ಜಿ ರಸ್ತೆಯಲ್ಲೇ ನಿಂತು ಅಮ್ಮ ಹುಟ್ಟಿದ ವಾರ್ಡು ಯಾವ ಕಡೆ ಎಂದು ಬೆರಳು ಮಾಡಿ ತೋರಿಸಿದಳು, ಆಮೇಲೆ ಅದಲ್ಲ ಎಂದು ಇನ್ನೊಂದು ಕಡೆ ತೋರಿಸಿದಳು.

ತಂಗಿಗೆ ಬೆಳಗಿನ ಜಾವ ಮೂರಕ್ಕೆ ನೋವು ಬಂತು. ಆರು ತಿಂಗಳು ತೋರಿಸಿದ ಡಾಕ್ಟರಮ್ಮ ಅಂದು ರಜೆಯಲ್ಲಿದ್ದರು. ಫೋನಿನಲ್ಲಿ ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಕೇಳಿದ ಮೇಲೆ ಅಜ್ಜಿ, ಹೆರಿಗೆ ಮಾಡಿಸಿದ್ದು ಯಾರು ಎಂದು ವಿಚಾರಿಸಿದಳು.

“ಹೆಸರು ಕೇಳಲಿಲ್ಲ ಅಜ್ಜಿ,” ತಂಗಿ ಹೇಳಿದಳು. “ಡ್ಯೂಟಿಯಲ್ಲಿದ್ದವರು.”