ಗೋಡೆ ಹತ್ತಿದವರು

ಬಾಗಿಲಿನಿಂದ ಒಳಗೆ ಬಂದವರ ಚರಿತ್ರೆಯನ್ನು ನಾವು ಬೇಕಾದಷ್ಟು ಬರೆದಿದ್ದೇವೆ. ಅರಸರು ಬಂದರು, ರಾಯಭಾರಿಗಳು ಬಂದರು, ವರ್ತಕರು ಸುಂಕ ತೆತ್ತು ಬಂದರು; ಇವರೆಲ್ಲರಿಗೂ ಶಾಸನವುಂಟು, ದಫ್ತರವುಂಟು. ಗೋಡೆ ಹತ್ತಿ ಒಳಗೆ ಇಳಿದವರ ಕಥೆಯನ್ನು ಮಾತ್ರ ಒಂದೆಡೆ ಕೂಡಿಸಿಟ್ಟವರನ್ನು ನಾನು ಕಾಣೆ. ಅವರ ಹೆಸರು ಚರಿತ್ರೆಯ ಪುಸ್ತಕಕ್ಕಿಂತ ಠಾಣೆಯ ಪುಸ್ತಕದಲ್ಲಿ ಸಿಕ್ಕುವುದೇ ಹೆಚ್ಚು.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಅಮೆರಿಕದ ಒಂದು ವಿನೋದವನದ ವೃತ್ತಾಂತವನ್ನು ಓದಿದಾಗ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯದ ಆನಹೈಮಿನಲ್ಲಿ ಡಿಸ್ನಿಲ್ಯಾಂಡು ತೆರೆಯಿತು. ಮೊದಲ ದಿನ ಕರೆದವರಿಗಷ್ಟೇ ಪ್ರವೇಶ. ಆದರೆ ಖೋಟಾ ಟಿಕೇಟು ಹಿಡಿದು ಸಾವಿರಾರು ಮಂದಿ ನುಗ್ಗಿದರು. ಒಬ್ಬ ಮಹಾಶಯನಂತೂ ಹಿಂಬದಿಯ ಬೇಲಿಗೆ ಏಣಿ ಹಾಕಿ, ತಲೆಗೆ ಐದು ಡಾಲರಿನಂತೆ ಹತ್ತಿಸಿ ಇಳಿಸಿದನೆಂದು ಹೇಳುತ್ತಾರೆ. ಹದಿನೈದು ವರ್ಷಗಳ ಮೇಲೆ, 1970ರ ಆಗಸ್ಟ್ 6ರಂದು, ಯಿಪ್ಪಿಗಳೆಂಬ ನೂರಾರು ತರುಣರು ಅಲ್ಲಿ ನೆರೆದು ಒಳಗಿನ ನಡುಗಡ್ಡೆಯನ್ನು ಹಿಡಿದು ಕೂತರು; ಆ ದಿನ ಹೊತ್ತಿಗೆ ಮೊದಲೇ ವನದ ಬಾಗಿಲು ಮುಚ್ಚಬೇಕಾಯಿತು. ವಿನೋದಕ್ಕೆಂದು ಕಟ್ಟಿದ ಸ್ಥಳವೂ ಕಡೆಗೆ ಕೋಟೆಯೇ ಆಗುತ್ತದೆ. ಅದಕ್ಕೂ ಸುತ್ತುಗೋಡೆ ಬೇಕು, ಹೆಬ್ಬಾಗಿಲು ಬೇಕು, ಕಾವಲು ಬೇಕು. ನಮ್ಮ ನಾಡಿನಲ್ಲಿಯೂ ಬಿಡದಿಯ ಬಳಿ 2005ರಲ್ಲಿ ಇಂಥದೊಂದು ಆಗಿದೆ. ನಮ್ಮ ಕಡೆಯ ಶಾಲೆಯ ಮಕ್ಕಳು ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸುತ್ತ ಅಲ್ಲಿಗೆ ಹೋಗಿ, ನೀರಿನಲ್ಲಿ ಬಿದ್ದೆದ್ದು, ಮರುರಾತ್ರಿ ತೂಕಡಿಸುತ್ತ ಮರಳುತ್ತಾರೆ.

ಮುಚ್ಚಿದ ಸ್ಥಳವನ್ನು ಬರಿಯ ನೋಡುವ ಆಸೆಗಾಗಿ ಹೊಗುವವರದು ಈಗ ಒಂದು ಪಂಥವೇ ಆಗಿದೆ. ಹಾಳು ಬಿದ್ದ ಕಾರಖಾನೆ, ನಿಂತುಹೋದ ಆಸ್ಪತ್ರೆ, ನೆಲದಡಿಯ ಸುರಂಗ, ಬೀಗ ಬಿದ್ದ ವಿನೋದವನ—ಇವೇ ಅವರ ಕ್ಷೇತ್ರಗಳು. ಟೊರಾಂಟೋದ ಜೆಫ್ ಚಾಪ್ಮನ್ ಎಂಬಾತ 1996ರಲ್ಲಿ ಇದಕ್ಕೆಂದೇ ಒಂದು ಪತ್ರಿಕೆಯನ್ನು ಹೊರಡಿಸಿದ. ಒಡೆಯಬಾರದು, ಒಯ್ಯಬಾರದು, ಕಂಡು ಬರಬೇಕು ಎಂಬುದು ಈ ಪಂಥದ ಕಟ್ಟಳೆ. ಇವರೆಲ್ಲರ ಮೂಲಪುರುಷನೆಂದು ಎಣಿಸಬಹುದಾದವನು ಪ್ಯಾರಿಸ್ಸಿನ ಫಿಲಿಬೇರ್ ಆಸ್ಪೇರ್. ಆತ 1793ರಲ್ಲಿ ಆ ನಗರದ ಕೆಳಗಿನ ಹಳೆಯ ಕಲ್ಲುಗಣಿಯ ಸುರಂಗಗಳಿಗೆ ಇಳಿದು ದಾರಿ ತಪ್ಪಿ ಸತ್ತ; ಹನ್ನೊಂದು ವರ್ಷಗಳ ನಂತರ, 1804ರಲ್ಲಿ, ಎಲುಬು ಸಿಕ್ಕಿತು. ಗುರುತು ಹಿಡಿದದ್ದು ಅವನ ಬಳಿಯಿದ್ದ ಬೀಗದ ಕೈಗಳಿಂದ. ಏಕೆಂದರೆ ಅವನ ಕಸುಬು ಆಸ್ಪತ್ರೆಯೊಂದರ ಬಾಗಿಲು ಕಾಯುವುದು! ಆ ಸುರಂಗಗಳಲ್ಲಿ ಅಪ್ಪಣೆಯಿಲ್ಲದೆ ತಿರುಗಕೂಡದೆಂದು ಅಲ್ಲಿಯ ಸರಕಾರ ವಿಧಿಸಿದ್ದು 1955ರಲ್ಲಿ—ಡಿಸ್ನಿಲ್ಯಾಂಡಿಗೆ ಏಣಿ ಬಿದ್ದ ವರ್ಷವೇ. ಇಂದಿಗೂ ಜನ ಇಳಿಯುತ್ತಲೇ ಇದ್ದಾರೆ, ಪೋಲೀಸರು ಹಿಡಿಯುತ್ತಲೇ ಇದ್ದಾರೆ.

ಇದೆಲ್ಲ ದೂರದೇಶದ ಮಾತಾಯಿತು. ನೀರಮಾನ್ವಿಯಲ್ಲಿ ಕೂತು ಬರೆಯುವವನಿಗೆ ಗೋಡೆಯೆಂದರೆ ರಾಯಚೂರಿನ ಗೋಡೆ. ಎಲ್ಲಮ್ಮನ ಜಾತ್ರೆ ಬಿಟ್ಟರೆ ನಮ್ಮ ಊರಿನಲ್ಲಿ ಹೊರಗಿನವರು ನೋಡಬೇಕಾದದ್ದು ಹೆಚ್ಚೇನೂ ಇಲ್ಲ; ಸಂತೆಗೂ ಕಚೇರಿಗೂ ರಾಯಚೂರಿಗೆ ಹೋದಾಗಲೆಲ್ಲ ಆ ಕಲ್ಲುಗಳ ಮಗ್ಗುಲಲ್ಲಿ ಹಾದು ಬರುವುದು ನನಗೆ ರೂಢಿ. ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ನಾಲ್ವತ್ತೊಂದು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲಿನ ತೆಲುಗು ಶಾಸನ 1294ರದು. ಕಾಕತೀಯರ ಪಕ್ಷದ ದಂಡನಾಯಕ ವಿಠಲನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ಕೋಟೆಗಳನ್ನು ಗೆದ್ದು ರಾಯಚೂರನ್ನು ಹೊಕ್ಕು ಈ ಕೋಟೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಮಾನುವವೆಂದರೆ ನಮ್ಮ ಮಾನ್ವಿಯೇ. ಆ ಹೆಬ್ಬಂಡೆಯನ್ನು ಗಟ್ಟಿಗಾಲಿಯ ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದ ಪರಿಯನ್ನೂ ಅಲ್ಲಿಯೇ ಗೋಡೆಯಲ್ಲಿ ಕೊರೆದಿದ್ದಾರೆ. ನನಗೆ ಶಾಸನಕ್ಕಿಂತ ಆ ಚಿತ್ರವೇ ಮೆಚ್ಚು. ಅರಸನ ಹೆಸರನ್ನು ಕೆತ್ತುವವರು ಬಹಳ. ಗಾಲಿಗೆ ಸನ್ನೆಗೋಲು ಕೊಟ್ಟ ಕೂಲಿಯವನನ್ನು ಕೆತ್ತುವವರು ವಿರಳ.

ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ, ಒಳಗೆ ಮಣ್ಣು ತುಂಬಿದ ಗೋಡೆ ಇದು. ಕೃಷ್ಣದೇವರಾಯನು 1520ರಲ್ಲಿ ಮುತ್ತಿಗೆ ಹಾಕಿ ಮೂರು ತಿಂಗಳು ಕೂತರೂ ಅದು ಅಲುಗಲಿಲ್ಲ. ಈ ಪ್ರಸಂಗವನ್ನು ವಿವರವಾಗಿ ಬರೆದಿಟ್ಟವನು ಪೋರ್ತುಗೀಜ ಕುದುರೆ ವರ್ತಕ ನ್ಯೂನಿಜ್. ಅವನ ಬರಹವನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲೀಷಿಗೆ ತಂದ. ಒಳಗೆ ಎಂಟು ಸಾವಿರ ಕಾಲಾಳು, ನಾಲ್ಕು ನೂರು ಕುದುರೆ, ಇಪ್ಪತ್ತು ಆನೆ, ಇನ್ನೂರು ದೊಡ್ಡ ತೋಪುಗಳಿದ್ದುವೆಂದು ಅವನ ಲೆಕ್ಕ. ರಾಯನ ಸೇನಾನಿಗಳು ಒಂದು ವಿಚಿತ್ರ ವ್ಯಾಪಾರವನ್ನು ಹೂಡಿದರು. ಗೋಡೆಯ ಬುಡಕ್ಕೆ ಓಡಿಹೋಗಿ ಹಾರೆಯಿಂದ ಮೀಟಿ ಕಲ್ಲು ತಂದವನಿಗೆ, ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ಮೂವತ್ತು, ಐವತ್ತು ಹಣದವರೆಗೆ ಕೊಡುವುದು. ಹಣವೆಂದರೆ ಆಗಿನ ಸಣ್ಣ ಚಿನ್ನದ ನಾಣ್ಯ. ಮೇಲಿನಿಂದ ಬಾಣ, ಗುಂಡು, ಕಲ್ಲು ಸುರಿಯುತ್ತಿರುವಾಗ ಬಡವರು ಕಲ್ಲಿಗಾಗಿ ಓಡಿದರು. ಬಹಳ ಮಂದಿ ಬುಡದಲ್ಲಿಯೇ ಉಳಿದರು. ಆ ಕೋಟೆಯ ಕಲ್ಲಿಗೆ ಬೆಲೆ ಕಟ್ಟಿದ್ದು ಅದೇ ಮೊದಲಿರಬೇಕು, ಕಡೆಯದಂತೂ ಅಲ್ಲ.

ಮೇ 19ರಂದು ಕೃಷ್ಣಾ ನದಿಯ ಕಡೆ ಆದಿಲಶಾಹನ ಸೈನ್ಯವನ್ನು ಸೋಲಿಸಿ ರಾಯನು ಮತ್ತೆ ಕೋಟೆಯ ಕೆಳಗೆ ಬಂದು ನಿಂತ. ಆಗ ಬಂದವನು ಕ್ರಿಸ್ತೊವಾವ್ ದ ಫಿಗೆಯ್ರೆದೊ. ಇವನೂ ಕುದುರೆ ಮಾರುವವನೇ. ಜೊತೆಗೆ ಬಂದೂಕು ಹಿಡಿದ ಇಪ್ಪತ್ತು ಜನ. ಇವನು ರಾಯನಲ್ಲಿ ಬೇಡಿದ್ದು ಸಂಬಳವನ್ನಲ್ಲ, ಪದವಿಯನ್ನಲ್ಲ. ಕಂದಕದ ಬಳಿಗೆ ಹೋಗಿ ಊರನ್ನೂ ಗೋಡೆಯನ್ನೂ ನೋಡಿಬರಲು ಅಪ್ಪಣೆಯನ್ನು! ಅಪಾಯವುಂಟು, ಬೇಡವೆಂದು ರಾಯನು ಹೇಳಿದ. ಯುದ್ಧವೇ ಪೋರ್ತುಗೀಜರ ಕಸುಬು, ಅಪ್ಪಣೆ ಕೊಟ್ಟರೆ ಅದೇ ದೊಡ್ಡ ಉಪಕಾರವೆಂದು ಆತ ಹಟ ಹಿಡಿದ. ಹೋಗಿ ನೋಡಿದರೆ, ಕೋಟೆಯವರು ಗೋಡೆಯ ಮೇಲೆ ಎದೆಯೊಡ್ಡಿಕೊಂಡು ನಿರ್ಭಯವಾಗಿ ತಿರುಗಾಡುತ್ತಿದ್ದಾರೆ. ಬಂದೂಕಿನ ಗುರಿ ಎಂಥದೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ. ಇವನ ಜನ ಒಬ್ಬೊಬ್ಬರನ್ನೇ ಹೊಡೆದು ಕೆಡವಿದರು. ಮೇಲಿನವರು ತಲೆ ಮರೆಸಿಕೊಂಡ ಕೂಡಲೆ ಕೆಳಗಿನವರು ನಿರಾತಂಕವಾಗಿ ಕಲ್ಲು ಕಿತ್ತರು. ಏನಾಗುತ್ತಿದೆಯೆಂದು ಬಾಗಿ ನೋಡಿದ ಕೋಟೆಯ ನಾಯಕನ ಹಣೆಗೇ ಗುಂಡು ಬಿತ್ತು. ಊರು ಬಾಗಿಲು ತೆರೆಯಿತು.

‘ನೋಡಲಿಕ್ಕೆ ಬಂದೆ’ ಎನ್ನುವವನನ್ನು ಕಂಡರೆ ಕಾವಲುಗಾರನ ಹುಬ್ಬು ಏಕೆ ಗಂಟಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ನಮ್ಮ ಸೀಮೆಯ ಅತಿ ದೊಡ್ಡ ಕೋಟೆಯನ್ನು ಕಡೆಗೆ ಕೆಡವಿದ್ದು ಆನೆಯಲ್ಲ, ತೋಪಲ್ಲ, ಒಬ್ಬ ಪ್ರೇಕ್ಷಕ.

ಆದರೆ ಇನ್ನೊಂದು ಪ್ರೇಕ್ಷಕನ ಕಥೆಯೂ ನಮ್ಮ ಜಿಲ್ಲೆಯದೇ. ಹಟ್ಟಿಯ ಸುತ್ತ ಪ್ರಾಚೀನರು ಬಂಗಾರಕ್ಕಾಗಿ ತೋಡಿದ ಗುಂಡಿಗಳಲ್ಲಿ ಒಂದು ಆರುನೂರ ನಾಲ್ವತ್ತು ಅಡಿ ಆಳ ಹೋಗಿದೆ. ಇಂಥ ಹಳೆಯ ಜಾಡು ಹಿಡಿದು ಬೀಡನ್ ಎಂಬ ಗಣಿ ಇಂಜಿನಿಯರನು ಮಸ್ಕಿಯ ಗುಡ್ಡಗಳಲ್ಲಿ ಬಂಗಾರ ಹುಡುಕುತ್ತ ತಿರುಗುತ್ತಿದ್ದ. 1915ರ ಜನವರಿ 27ರಂದು ದುರ್ಗದಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡ. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಲಿಪಿಗಳಲ್ಲೆಲ್ಲ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇತ್ತು. ಅಶೋಕನೆಂಬ ಹೆಸರು ಬಿರುದಿನೊಡನೆ ಕಂಡದ್ದು ಮೊದಲು ಮಸ್ಕಿಯಲ್ಲಿ. ಬೀಡನ್ನನ ಜೇಬಿಗೆ ಬಂಗಾರ ಬಿತ್ತೋ ಇಲ್ಲವೋ, ಅದು ಬೇರೆ ಮಾತು. ಆತ ಕಂಡದ್ದನ್ನು ಮುಚ್ಚಿಡಲಿಲ್ಲ, ಕೆತ್ತಿಕೊಂಡು ಹೋಗಲಿಲ್ಲ, ತಿಳಿದವರಿಗೆ ತಿಳಿಸಿದ. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಓದಿ ಪ್ರಕಟಿಸಿದರು.

ಫಿಗೆಯ್ರೆದೊ, ಬೀಡನ್—ಇಬ್ಬರೂ ಬಂದದ್ದು ನೋಡಲಿಕ್ಕೆ. ದೂರದಿಂದ ನಡೆದು ಬರುವಾಗ ಇವರಲ್ಲಿ ಯಾರು ಯಾರೆಂದು ಕಾವಲುಗಾರನು ಹೇಗೆ ತಿಳಿಯಬೇಕು?

ಈ ಕಷ್ಟವನ್ನು ಇಮ್ಮಡಿ ಮಾಡಿದವರು ನಿಧಿಗಳ್ಳರು. ಬಸವಣ್ಣನ ಪೀಠ ಕಿತ್ತದ್ದು, ಗುಡಿಯ ಗರ್ಭದಲ್ಲಿ ಗುಂಡಿ ತೋಡಿದ್ದು, ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋದದ್ದು—ಇವು ನಮ್ಮ ಕಡೆಯ ಯಾವ ಓದುಗನಿಗೂ ಹೊಸ ಸುದ್ದಿಯಲ್ಲ. ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗೆ ಮಿಕ್ಕ ನಿಧಿಯನ್ನು ಕಲೆಕ್ಟರಿಗೆ ಒಪ್ಪಿಸಬೇಕೆಂದು ಬ್ರಿಟಿಷರು 1878ರಲ್ಲಿಯೇ ಕಾನೂನು ಮಾಡಿದರು. ನಮ್ಮ ರಾಜ್ಯಕ್ಕೆ 1962ರದು ಬೇರೆಯೇ ಇದೆ. ರಾಷ್ಟ್ರದ ರಕ್ಷಿತ ಸ್ಮಾರಕಗಳಿಗೆ 1958ರ ಕಾನೂನು ಉಂಟು. ಅವನ್ನು ಕೆಡಿಸಿದವನಿಗೆ ಮೊದಲು ಮೂರು ತಿಂಗಳಿದ್ದ ಸೆರೆಯನ್ನು 2010ರಲ್ಲಿ ಎರಡು ವರ್ಷಕ್ಕೂ, ಐದು ಸಾವಿರದ ದಂಡವನ್ನು ಒಂದು ಲಕ್ಷಕ್ಕೂ ಏರಿಸಿದರು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಪ್ರವೇಶವೆಂಬುದು 1959ರ ನಿಯಮ. ಕಾನೂನಿಗೇನೂ ಬಡತನವಿಲ್ಲ.

ಆದರೆ ಕಾನೂನು ಇರುವುದು ಪಟ್ಟಿಯಲ್ಲಿ ಹೆಸರಿದ್ದ ಸ್ಥಳಕ್ಕೆ. ಪಟ್ಟಿಗೆ ಸೇರದ ಹುಡೇವುಗಳು, ಪಾಳೆಯಗಾರರ ವಾಡೆಗಳು, ಬೇಲಿಯೊಳಗೆ ಮುಚ್ಚಿಹೋದ ಬಾವಿಗಳು ನಮ್ಮ ಮಾನ್ವಿ, ದೇವದುರ್ಗದ ಕಡೆ ಎಷ್ಟಿಲ್ಲ? ಅಲ್ಲಿ ಕಾವಲು ಊರವರದೇ. ಕೆಲವು ವರ್ಷಗಳ ಕೆಳಗೆ ನಮ್ಮ ಪರಿಚಯದ ಇಬ್ಬರು ಕಾಲೇಜು ಹುಡುಗರು ಇಂಥದೊಂದು ಹಾಳು ಕೋಟೆಯನ್ನು ಹೊಕ್ಕಿದ್ದರು. ಊರ ಹೆಸರು ಬೇಡ. ಕೈಯಲ್ಲಿ ಒಂದು ಬ್ಯಾಟರಿ, ಒಂದು ಮೊಬೈಲು. ಬುರುಜಿನ ಒಳಗಿನ ಮೆಟ್ಟಿಲು ಎಲ್ಲಿಗೆ ಹೋಗುತ್ತದೆಂದು ಚಿತ್ರ ತೆಗೆಯುವುದಷ್ಟೇ ಅವರ ಉದ್ದೇಶ. ಹೊತ್ತು ಮುಳುಗಿತು. ಕೆಳಗೆ ಹೊಲದವರು ಬೆಳಕನ್ನು ಕಂಡರು. ‘ನಿಧಿ ಅಗಿಯಾವ್ರು ಬಂದಾರ’ ಎಂದು ಕೂಗೆದ್ದಿತು. ಹುಡುಗರು ಇಳಿದು ಬರುವಷ್ಟರಲ್ಲಿ ಬಡಿಗೆ ಹಿಡಿದ ನಲವತ್ತು ಜನ. ಒಬ್ಬನ ಮುಂಗೈ ಮುರಿಯಿತು. ಒಂದು ಸಣ್ಣ ಸಲಿಕೆಯಾದರೂ ಅವರ ಬಳಿ ಇಲ್ಲವೆಂದು ಜನರಿಗೆ ತೋರಿದ್ದು ಆಮೇಲೆ. ಆ ಹುಡುಗ ಈಗ ಹಳೆಯ ಕಲ್ಲಿನ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಹಳ್ಳಿಯವರನ್ನು ನಾನು ಬಯ್ಯಲಾರೆ. ಅದೇ ಊರಿನ ಹನುಮಪ್ಪನ ಗುಡಿಯನ್ನು ಹಿಂದಿನ ವರ್ಷವಷ್ಟೇ ಯಾರೋ ಅಗೆದು ಹೋಗಿದ್ದರು. ಆದರೆ ಕಳ್ಳನು ತಪ್ಪಿಸಿಕೊಂಡ. ಪೆಟ್ಟು ತಿಂದದ್ದು ಕುತೂಹಲ.

ಕುತೂಹಲವೆಲ್ಲ ನಿರಪರಾಧಿ ಎಂದೂ ನಾನು ಹೇಳುತ್ತಿಲ್ಲ. ಹಂಪೆಯ ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದಲ್ಲಿ ಕೆಲವು ತರುಣರು ಕಂಬವೊಂದನ್ನು ದೂಡಿ ಕೆಡವುವ ಚಿತ್ರ 2019ರ ಫೆಬ್ರವರಿಯಲ್ಲಿ ದೇಶವೆಲ್ಲ ಹರಡಿತು. ಅವರಿಗೆ ನಿಧಿ ಬೇಕಿರಲಿಲ್ಲ, ಸುಮ್ಮನೆ ಆಟ ಬೇಕಿತ್ತು. ಹೊಸಪೇಟೆಯ ನ್ಯಾಯಾಲಯವು ನಾಲ್ವರಿಗೂ ತಲಾ 70,000 ರೂಪಾಯಿ ದಂಡ ವಿಧಿಸಿ, ಕೆಡವಿದ ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ಇಷ್ಟು ಒಪ್ಪುವ ತೀರ್ಪನ್ನು ನಾನು ಬೇರೆ ಕೇಳಿಲ್ಲ. ಕಂಬ ಎಷ್ಟು ಭಾರವೆಂಬುದು ದೂಡಿದವನಿಗೆ ತಿಳಿಯುವುದಿಲ್ಲ, ಎತ್ತಿದವನಿಗೆ ತಿಳಿಯುತ್ತದೆ.

ಇಂಥ ಗೊಂದಲವಾದಾಗಲೆಲ್ಲ ನಮ್ಮವರು ಮಾಡುವುದು ಒಂದೇ: ಇನ್ನೊಂದು ಬೀಗ, ಇನ್ನೊಂದು ತಂತಿಬೇಲಿ, ‘ಪ್ರವೇಶವಿಲ್ಲ’ ಎಂಬ ಇನ್ನೊಂದು ಹಲಗೆ. ವಿನೋದವನದವರ ಲೆಕ್ಕ ಬೇರೆ. ಅವರಿಗೆ ಗೋಡೆಯ ಒಳಗಿರುವುದೆಲ್ಲ ಸ್ವಂತದ್ದು, ಬಿದ್ದು ಸತ್ತವನ ಹೊಣೆಯೂ ಅವರದೇ. ಆದುದರಿಂದ ಹಾರಿ ಬಂದವನನ್ನು ಹೊರಗೆ ಹಾಕಿದರೆ ಅವರ ಕೆಲಸ ಮುಗಿಯಿತು. ಹಳೆಯ ಕೋಟೆಯಲ್ಲಿ ಹಾಗಲ್ಲ. ಹೊರಗೆ ಹಾಕಿದವನ ಸೊತ್ತೂ ಅದರಲ್ಲಿ ಸೇರಿದೆ. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಎಂಬ ಅಮೆರಿಕದ ವಿದ್ವಾಂಸರು ನಮ್ಮ ದಖ್ಖನಿನ ಕೋಟೆಗಳನ್ನು ಕಾಲ್ನಡೆಯಿಂದ ಸುತ್ತಿ, ರಾಯಚೂರಿನ ಬುರುಜುಗಳಿಂದ ಯುದ್ಧದ ಚರಿತ್ರೆಯನ್ನು ಓದಿ, 2014ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಅವರಿಗೆ ತೆರೆದ ಗೋಡೆ ನಮ್ಮ ಹುಡುಗರಿಗೂ ತೆರೆಯಬೇಕು. ಹಗಲಿನಲ್ಲಿ, ಹೇಳಿಕೊಡುವವನೊಬ್ಬನ ಜೊತೆಯಲ್ಲಿ. ಆ ಹೇಳಿಕೊಡುವವನು ಎಲ್ಲಿಂದಲೋ ಬರಬೇಕಾದದ್ದಿಲ್ಲ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತವನಿಗೆ ಕೋಟೆಯ ನಾಲ್ಕು ಮಾತು ಕಲಿಸಿ, ನಾಲ್ಕು ರೂಪಾಯಿ ಹೆಚ್ಚು ಕೊಟ್ಟರೆ ಸಾಕು.

ಅಂಥ ಒಬ್ಬ ಕಾವಲುಗಾರನೊಡನೆ ನಾನು ಕಳೆದ ಮಾಗಿಯಲ್ಲಿ ಮಾತಾಡಿದೆ. ವಯಸ್ಸಾದ ಮನುಷ್ಯ, ಕೈಯಲ್ಲಿ ಬೇವಿನ ಬಡಿಗೆ, ಕೊರಳಲ್ಲಿ ಸೀಟಿ. “ಹುಡುಗ್ರು ಎಲ್ಲಿಂದ ಹತ್ತತಾರಂತ ನಿಮಗ ಗೊತ್ತೇನು, ಕಾಕಾ?” ಎಂದೆ.

“ಗೊತ್ತಿಲ್ದೇನ್ರಿ ಮಾಸ್ತರ? ಆ ಬುರುಜಿನ ಹಿಂದ ಮೂರು ಕಲ್ಲು ಹೊರಗ ಚಾಚ್ಯಾವ. ಒಂದರ ಮ್ಯಾಲ ಕಾಲಿಟ್ರ ಇನ್ನೊಂದು ತಾನಾ ಸಿಗತೈತಿ.”

“ಹಂಗಾರ ಅಲ್ಲೇ ಹೋಗಿ ಕೂಡಬಾರದೇನು?”

“ಕೂಡಬಹುದ್ರಿ. ಕೂತ್ರ ಅವರು ಆ ಕಡೀಗಿ ಹೋಗತಾರ. ಅಲ್ಲಿ ಕಲ್ಲು ಸಡಲ್ಯಾವ, ಬಿದ್ರ ಉಳಿಯಂಗಿಲ್ಲ. ಇಲ್ಲಿಂದನಾ ಹತ್ತಲಿ ಅಂತ ಬಿಟ್ಟೀನಿ. ಇಳಿಯಾಗ ಹಿಡಿದು ಬೈತೀನಿ.”

ಈ ಮೂರು ಕಲ್ಲುಗಳ ಸಂಗತಿ ಅವನಿಗೆ ಯಾರು ಹೇಳಿದರೆಂದು ಕೇಳಿದೆ. ಅವನು ಸೀಟಿಯನ್ನು ಅಂಗಿಯೊಳಗೆ ಸೇರಿಸಿ, ಪಡುವಣದ ಕಡೆ ಹೊತ್ತು ನೋಡಿ, “ಯಾರು ಹೇಳತಾರ್ರಿ, ಸಣ್ಣಾವಿದ್ದಾಗ ನಾನೂ ಅಲ್ಲಿಂದನಾ ಹತ್ತತಿದ್ದೆ. ಏಳ್ರಿ ಇನ್ನ, ಬಾಗಿಲಾ ಹಾಕೂ ಹೊತ್ತಾತು” ಎಂದ.